ಪಾಯದ ಕೆಂಪು ಮಣ್ಣಿನ ಬ್ಲಾಕು: ನಿಮ್ಮ ಪ್ರಶ್ನೆಗೆ ಪ್ರತಿಕ್ರಿಯೆ

ಮಾನ್ಯರೇ,

ತುಮಕೂರಿನ ಬಳಿಯ ನಿಮ್ಮ ನಿವೇಶನದಲ್ಲಿ ಪಾಯ ತೋಡಿದಾಗ ಬಂದ ಕೆಂಪು ಮಣ್ಣಿನಿಂದಲೇ ಬ್ಲಾಕುಗಳನ್ನು ಒತ್ತಿಸಿ ಎರಡಂತಸ್ತಿನ ಮನೆ ಕಟ್ಟಬಹುದೇ, ಇಲ್ಲವೇ ಸುಟ್ಟ ಇಟ್ಟಿಗೆಯೇ ಕ್ಷೇಮವೇ ಎಂದು ಕೇಳಿದ್ದೀರಿ. ಮಣ್ಣು ಒಪ್ಪುವುದಾದರೆ ನನ್ನ ಆಯ್ಕೆ ನಿಸ್ಸಂದೇಹವಾಗಿ ಮಣ್ಣಿನ ಬ್ಲಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವು ಈ ವಿಧಾನವನ್ನು ದೀರ್ಘಕಾಲ ಅಭ್ಯಸಿಸಿದ್ದು, ಇಂತಹ ಗೋಡೆಗಳ ಮೇಲೆಯೇ ಭಾರ ಹೊತ್ತ ಎರಡಂತಸ್ತಿನ ಮನೆಗಳು ಬೆಂಗಳೂರಿನಲ್ಲಿ ಈಗಲೂ ಬಳಕೆಯಲ್ಲಿವೆ.

ಮಣ್ಣಿನ ಬ್ಲಾಕನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ ಎಂಬುದೇ ದೊಡ್ಡ ಉಳಿತಾಯ. ಸುಮಾರು ಶೇ. 6ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರರಿಂದ ನಾಲ್ಕು ವಾರ ನೀರುಣಿಸಿದರೆ ಸಾಕು. ಆದರೆ ಈ ನೀರುಣಿಸುವ ಕೆಲಸದಲ್ಲಿಯೇ ಹಲವರು ಅವಸರ ಮಾಡುತ್ತಾರೆ, ಹಾಗೆ ಮಾಡಬೇಡಿ.

ಮೊದಲು ಮಣ್ಣನ್ನು ಪರೀಕ್ಷಿಸಿ. ಬೇರು, ಕಸವಿರುವ ಮೇಲ್ಮಣ್ಣನ್ನು ತೋಟಕ್ಕೆ ಬಿಟ್ಟು, ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ನೀರಿನೊಡನೆ ಕಲಕಿ ಒಂದು ದಿನ ಇಟ್ಟರೆ ಮರಳು ತಳದಲ್ಲಿಯೂ ಜೇಡಿ ಮೇಲೆಯೂ ನಿಲ್ಲುವುದರಿಂದ ಪ್ರಮಾಣದ ಸ್ಥೂಲ ಅಂದಾಜು ಸಿಗುತ್ತದೆ. ಜೇಡಿಯ ಅಂಶ ಶೇ. 10ರಿಂದ 15ರಷ್ಟಿದ್ದರೆ ಉತ್ತಮ. ನಮ್ಮ ಕೆಂಪು ಮಣ್ಣಿನಲ್ಲಿ ಅದು ಹೆಚ್ಚಾಗಿರುವುದೇ ಸಾಮಾನ್ಯವಾದ್ದರಿಂದ ಮರಳು ಅಥವಾ ಕ್ರಷರ್ ಪುಡಿಯನ್ನು (ಜಲ್ಲಿ ಯಂತ್ರದ ಕಲ್ಲುಪುಡಿ) ಸೇರಿಸಬೇಕಾಗುತ್ತದೆ. ಎರೆ ಮಣ್ಣು ನೀರು ಕುಡಿದು ಉಬ್ಬುವುದರಿಂದ ಅದು ಈ ಕೆಲಸಕ್ಕೆ ಹೊಂದದು.

ಕೆಲವು ಬ್ಲಾಕುಗಳನ್ನು ಎರಡು ದಿನ ನೀರಿನಲ್ಲಿ ಮುಳುಗಿಸಿ, ಒದ್ದೆಯಾಗಿರುವಾಗಲೇ ಅವುಗಳ ಬಲವನ್ನು ಪ್ರಯೋಗಾಲಯದಲ್ಲಿ ಅಳೆಸಿರಿ. ಆ ಅಂಕಿಯನ್ನು ನಿಮ್ಮ ಎಂಜಿನಿಯರರಿಗೆ ಕೊಟ್ಟ ನಂತರವೇ ಗೋಡೆಯ ದಪ್ಪವನ್ನು ನಿರ್ಧರಿಸಿ, ಉಳಿದ ಬ್ಲಾಕುಗಳನ್ನು ಒತ್ತಿಸಿರಿ.