ಬಚ್ಚಲಲ್ಲಿ ಜಾರಿದ ತಾಯಿಗೆ ಈ ಸಂಶೋಧನೆ ಏಕೆ?

ಮಾನ್ಯರೇ,

ತಮ್ಮ ಪತ್ರವನ್ನು ಎರಡು ಸಲ ಓದಿದೆ. "ಎಲ್ಲೋ ಬೆರಳೆಣಿಕೆಯ ಜನರಿಗೆ ಬರುವ ಮೂಳೆ ರೋಗದ ವಂಶವಾಹಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿರುವ ನನ್ನ ತಾಯಿಗೆ ಅದರಿಂದ ಏನಾಗಬೇಕು?" ಎಂದು ಕೇಳಿದ್ದೀರಿ. ಆ ಲೇಖನ ತಮ್ಮ ತಾಯಿಯಂಥವರಿಗೂ ಸಂಬಂಧಿಸಿದ್ದು. ಅದನ್ನು ಅಲ್ಲಿ ಬಿಡಿಸಿ ಹೇಳದೆ ಹೋದದ್ದು ನಮ್ಮ ತಪ್ಪು.

ಆ ಮೂಳೆ ರೋಗದ ಹೆಸರು ಸ್ಕ್ಲೆರೋಸ್ಟಿಯೋಸಿಸ್. ಅದು ಹೆಚ್ಚಾಗಿ ಕಂಡದ್ದು ದಕ್ಷಿಣ ಆಫ್ರಿಕಾದ ಆಫ್ರಿಕಾನರ್ (ಹೆಚ್ಚಾಗಿ ಡಚ್ ವಲಸಿಗರ ವಂಶದವರ) ಕುಟುಂಬಗಳಲ್ಲಿ. ಅನೇಕ ಮಕ್ಕಳು ಹುಟ್ಟುವಾಗಲೇ ತೋರುಬೆರಳು, ನಡುಬೆರಳು ಅಂಟಿಕೊಂಡಿರುತ್ತವೆ. ಮೂಳೆ ಬೆಳೆಯುತ್ತಲೇ ಹೋಗುತ್ತದೆ. ತಲೆಬುರುಡೆ ದಪ್ಪವಾಗಿ ನರಗಳನ್ನು ಅಮುಕಿದಾಗ ಎಳೆಯ ಮುಖ ಒಂದು ಕಡೆ ಸೋತು ಬೀಳುತ್ತದೆ, ಕಿವಿ ಮಂದವಾಗುತ್ತದೆ. ಮಿದುಳಿನ ಮೇಲೆ ಒತ್ತಡ ಹೆಚ್ಚಿ ಸತ್ತವರೂ ಇದ್ದಾರೆ. ಇಷ್ಟೆಲ್ಲ ಸಂಕಟದ ನಡುವೆ ಒಂದು ಸೋಜಿಗ: ಅವರ ಮೂಳೆ ಮುರಿಯುವುದು ಬಲು ಅಪರೂಪ.

ಕಾರಣ ಸಿಕ್ಕಿದ್ದು 2001ರಲ್ಲಿ. ಮೂಳೆ ಜೀವಂತ ವಸ್ತು. ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರಲ್ಲಿ ಬಿಡುವಿಲ್ಲದೆ ದುಡಿಯುತ್ತಿರುತ್ತವೆ. ಕಟ್ಟುವ ಕೋಶಗಳಲ್ಲಿ ಕೆಲವು ತಾವೇ ಕಟ್ಟಿದ ಗೋಡೆಯೊಳಗೆ ಹುದುಗಿ, ನೂಲಿನಂಥ ಕೈಗಳನ್ನು ಚಾಚಿ ಒಂದನ್ನೊಂದು ಮುಟ್ಟಿಕೊಂಡು ಉಳಿಯುತ್ತವೆ. ಇವೇ ಆಸ್ಟಿಯೋಸೈಟ್‌ಗಳು. ಇವು ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನ್ ಹೊರಬಿಟ್ಟು, ಕಟ್ಟುವವರಿಗೆ "ಇನ್ನು ಸಾಕು" ಎನ್ನುತ್ತವೆ. ಆ ಮಕ್ಕಳಲ್ಲಿ ಈ ಪ್ರೋಟೀನಿನ ವಂಶವಾಹಿಯ ಎರಡೂ ಪ್ರತಿ ಕೆಟ್ಟಿವೆ. ಸಾಕು ಎನ್ನುವವರೇ ಇಲ್ಲ. ಒಂದೇ ಪ್ರತಿ ಕೆಟ್ಟಿರುವ ಅವರ ಅಪ್ಪ ಅಮ್ಮಂದಿರಿಗೆ ಕಾಯಿಲೆ ಇಲ್ಲ, ಮೂಳೆ ಮಾತ್ರ ಇತರರಿಗಿಂತ ಗಟ್ಟಿ. ನನ್ನ ಮಟ್ಟಿಗೆ ಇಡೀ ಕತೆಯ ತಿರುವು ಇದೇ. ಸ್ಕ್ಲೆರೋಸ್ಟಿನ್ ಸ್ವಲ್ಪ ತಗ್ಗಿದರೆ ಕೇಡಿಲ್ಲ, ಬಲವೇ ಬರುತ್ತದೆ ಎಂದು ಆ ಮನೆಗಳು ತೋರಿಸಿಕೊಟ್ಟವು.

ಅದರಿಂದ ಹುಟ್ಟಿದ್ದು ರೋಮೊಸೊಜುಮ್ಯಾಬ್ ಎಂಬ ಚುಚ್ಚುಮದ್ದು. ಇದು ಸ್ಕ್ಲೆರೋಸ್ಟಿನನ್ನು ಹಿಡಿದು ಕಟ್ಟಿಹಾಕುತ್ತದೆ. ಮೂಳೆ ಸವೆತ ತೀವ್ರವಾಗಿರುವವರಿಗೆ ಕೊಡಲು 2019ರಲ್ಲಿ ಜಪಾನ್, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿತು. ತಿಂಗಳಿಗೊಮ್ಮೆಯಂತೆ ಒಂದು ವರ್ಷ. ಆಮೇಲೆ ಬೇರೆ ಔಷಧ ಮುಂದುವರಿಸದಿದ್ದರೆ ಗಳಿಸಿದ್ದು ಕರಗುತ್ತದೆ. ಕಳೆದ ಒಂದು ವರ್ಷದೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಇದನ್ನು ಕೊಡಬಾರದು.

ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆಯ ಬಗ್ಗೆ ನಾವು ಮತ್ತೆ ಮತ್ತೆ ಬರೆಯುವುದೂ, ಅಪರೂಪದ ಕಾಯಿಲೆಯೂ ಎಲ್ಲರಿಗೂ ಪಾಠ ಹೇಳಬಲ್ಲದು ಎಂಬ ಇದೇ ನಂಬಿಕೆಯಿಂದ. ಪೀಳಿಗೆಯಿಂದ ಪೀಳಿಗೆಗೆ ಕೀಲು ಸವೆದು ನಡೆಯಲಾರದಾದ ಆ ಮಲೆನಾಡ ಕುಟುಂಬಗಳನ್ನು "ಅಪರೂಪದವರು" ಎಂದು ಬದಿಗಿಡುವುದು ಅನ್ಯಾಯ.

ಇನ್ನು ತಮ್ಮ ತಾಯಿಯವರ ವಿಷಯ. ಮುರಿದದ್ದನ್ನು ಜೋಡಿಸಿದರೆ ಕೆಲಸ ಮುಗಿಯಲಿಲ್ಲ. ಮೂಳೆಯ ಸಾಂದ್ರತೆ ಪರೀಕ್ಷೆ ಆಗಿದೆಯೇ, ಸವೆತಕ್ಕೆ ಔಷಧ ಬೇಕೇ ಎಂದು ವೈದ್ಯರನ್ನು ಕೇಳಿ. ಅವರು ಒಪ್ಪಿದ ದಿನದಿಂದಲೇ ತಾಯಿಯವರನ್ನು ಕೈಹಿಡಿದು ನಡೆಸಿ. ಕಾಲಿನ ಮೇಲೆ ಭಾರ ಬಿದ್ದಾಗ ಸ್ಕ್ಲೆರೋಸ್ಟಿನ್ ಇಳಿಯುತ್ತದೆ. ಹಾಸಿಗೆ ಹಿಡಿದರೆ ಏರುತ್ತದೆ.

– ಸಂಪಾದಕ