ಕಾಲ್ಬೆರಳು ಮುಟ್ಟಲಾಗದವರು ಯೋಗ ತರಗತಿಗೆ ಸೇರಬಹುದೇ?

ನಲವತ್ತು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡುವ, ಬಗ್ಗಿದರೆ ಕೈ ಮೊಣಕಾಲಿಗಿಂತ ಕೆಳಗಿಳಿಯದ ನಿಮ್ಮಂಥವರು ಮನೆಯ ಹತ್ತಿರದ ಯೋಗ ಕೇಂದ್ರಕ್ಕೆ ಸೇರಬಹುದೇ, ಅಲ್ಲಿನ ಫಲಕದಲ್ಲಿರುವ ಹಠ, ಅಷ್ಟಾಂಗ ವಿನ್ಯಾಸ, ಅಯ್ಯಂಗಾರ್ ಎಂಬ ಮೂರು ತರಗತಿಗಳಲ್ಲಿ ಯಾವುದು ಸರಿ ಎಂದು ಕೇಳಿದ್ದೀರಿ. ಖಂಡಿತ ಸೇರಬಹುದು. ಮೈಸೂರಿನ ಒಂದು ಬಡಾವಣೆಯ ಸಣ್ಣ ಯೋಗಶಾಲೆಗೆ ಕೆಲವು ವರ್ಷಗಳಿಂದ ಹೋಗುತ್ತಿರುವ ನನ್ನ ಅನುಭವದಲ್ಲಿ, ಹೊಸಬರು ಪದ್ಧತಿಯ ಹೆಸರಿಗಿಂತ ಹೆಚ್ಚಾಗಿ ಕಲಿಸುವವರ ರೀತಿಯನ್ನು ನೋಡಿ ಆರಿಸಬೇಕು.

ಆ ಫಲಕದ ಎರಡು ಹೆಸರುಗಳ ಮೂಲ ಒಂದೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದ ತಿರುಮಲೈ ಕೃಷ್ಣಮಾಚಾರ್ಯರ ಶಿಷ್ಯರಲ್ಲಿ, ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರು ಮೈಸೂರಿನಲ್ಲೇ ನೆಲೆಸಿ ಅಷ್ಟಾಂಗ ವಿನ್ಯಾಸವನ್ನು ಬೆಳೆಸಿದರು. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು 1937ರಲ್ಲಿ ಪುಣೆಗೆ ಹೋಗಿ ತಮ್ಮದೇ ದಾರಿ ಮಾಡಿಕೊಂಡರು. ಒಬ್ಬರೇ ಗುರುವಿನಿಂದ ಬಂದರೂ ತರಗತಿಯೊಳಗೆ ಇವೆರಡೂ ತೀರ ಬೇರೆ. ಹಠ ಎಂದು ಬರೆದಿದ್ದರೆ ಸಾಮಾನ್ಯವಾಗಿ ನಿಧಾನವಾದ ಮಿಶ್ರ ಅಭ್ಯಾಸವಿರುತ್ತದೆ. ಅದರ ಗುಣಮಟ್ಟ ಪೂರ್ತಿಯಾಗಿ ಶಿಕ್ಷಕರನ್ನೇ ಅವಲಂಬಿಸಿದೆ.

ಅಷ್ಟಾಂಗದಲ್ಲಿ ಆಸನಗಳ ಕ್ರಮ ನಿಶ್ಚಿತ, ಪ್ರತಿ ಚಲನೆಗೂ ಒಂದು ಉಸಿರು. ಶಿಕ್ಷಕರು 'ಏಕಂ, ದ್ವೇ' ಎಂದು ಎಣಿಸುತ್ತ ಎಲ್ಲರನ್ನೂ ಒಟ್ಟಿಗೆ ನಡೆಸುವ ತರಗತಿ ಹೊಸಬರಿಗೆ ಸುಲಭವೆಂದು ತೋರುತ್ತದೆ, ಆದರೆ ಎಣಿಕೆ ನಿಮ್ಮ ಉಸಿರಿಗಾಗಿ ಕಾಯುವುದಿಲ್ಲ. ಅದಕ್ಕಿಂತ 'ಮೈಸೂರು ಶೈಲಿ' ಎಂದು ಜಗತ್ತೆಲ್ಲ ಕರೆಯುವ ತರಗತಿಯೇ ವಾಸಿ: ಪ್ರತಿಯೊಬ್ಬರೂ ತಮ್ಮ ವೇಗದಲ್ಲಿ ಮಾಡುತ್ತಾರೆ, ಶಿಕ್ಷಕರು ಸುತ್ತಾಡುತ್ತ ಒಬ್ಬೊಬ್ಬರನ್ನೇ ತಿದ್ದುತ್ತಾರೆ. ಮೊದಲ ದಿನಗಳಲ್ಲಿ ಸೂರ್ಯ ನಮಸ್ಕಾರವನ್ನಷ್ಟೇ ಕಲಿಸಿ, ಅರ್ಧ ಗಂಟೆಗೆಲ್ಲ ಮನೆಗೆ ಕಳುಹಿಸಬಹುದು. ಪೂರ್ತಿ ಶುಲ್ಕ ಕೊಟ್ಟು ಇಷ್ಟೇನೇ ಎಂದು ಗೊಣಗುವವರನ್ನು ನಾನು ಕಂಡಿದ್ದೇನೆ. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ಶಿಕ್ಷಕರ ಲಕ್ಷಣ. ಅಮಾವಾಸ್ಯೆ, ಹುಣ್ಣಿಮೆಗಳಂದು ಸಾಂಪ್ರದಾಯಿಕ ಶಾಲೆಗಳು ರಜೆ ಕೊಡುತ್ತವೆ ಎಂಬುದೂ ನಿಮಗೆ ತಿಳಿದಿರಲಿ.

ಆದರೂ ನೀವು ಹೇಳಿದ ಮೈಗೆ ನಾನು ಮೊದಲು ಸೂಚಿಸುವುದು ಅಯ್ಯಂಗಾರ್ ತರಗತಿಯನ್ನೇ. ಅಲ್ಲಿ ಮರದ ಇಟ್ಟಿಗೆ, ಪಟ್ಟಿ, ಕಂಬಳಿ, ಕುರ್ಚಿ, ಗೋಡೆ ಎಲ್ಲವೂ ಪಾಠದ ಭಾಗ, ಮತ್ತು ಒಂದೊಂದು ಆಸನದಲ್ಲೂ ಹೆಚ್ಚು ಹೊತ್ತು ನಿಲ್ಲಿಸಿ ಪಾದ, ಮಂಡಿ, ಭುಜಗಳ ಸ್ಥಾನವನ್ನು ತಿದ್ದುತ್ತಾರೆ. ವರ್ಷಗಟ್ಟಲೆ ಕುಳಿತು ಕೆಲಸ ಮಾಡಿದವರಿಗೆ ತೊಡೆಯ ಹಿಂಭಾಗದ ಸ್ನಾಯುಗಳು ಬಿಗಿದಿರುವುದರಿಂದ, ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಹೇಗಾದರೂ ಬೆರಳು ಮುಟ್ಟಬೇಕೆಂದು ಹೊರಟರೆ ಸೊಂಟದ ಬುಡದಿಂದ ಬಾಗುವ ಬದಲು ಬೆನ್ನು ಗೂನಾಗುತ್ತದೆ, ಭಾರವೆಲ್ಲ ಕೆಳಬೆನ್ನಿನ ಮೇಲೆ ಬೀಳುತ್ತದೆ. ಮಡಿಸಿದ ಕಂಬಳಿಯ ಮೇಲೆ ಕುಳಿತು, ಅಂಗಾಲಿಗೆ ಪಟ್ಟಿ ಹಾಕಿ ಹಿಡಿದು, ಮಂಡಿಯನ್ನು ತುಸು ಮಡಿಸಿದರೆ ಬೆನ್ನು ನೀಳವಾಗಿ ಉಳಿಯುತ್ತದೆ. ಬೆರಳು ಮುಟ್ಟುವುದು ಆಮೇಲಿನ ಮಾತು, ಮುಟ್ಟದಿದ್ದರೂ ನಷ್ಟವೇನಿಲ್ಲ. ಸ್ನಾಯುವಿನ ನಡುಭಾಗದಲ್ಲಿ ಎಳೆತ ತಿಳಿಯುವುದು ಸಹಜ, ಮಂಡಿಯಲ್ಲೋ ಸೊಂಟದ ಕೀಲಿನಲ್ಲೋ ಚುಚ್ಚಿದಂತಾದರೆ ಆ ಕ್ಷಣವೇ ಹಿಂದೆ ಸರಿಯಿರಿ.

ಸೇರುವ ಮುನ್ನ ಒಂದು ತರಗತಿಯನ್ನು ಮಾಡಿ ನೋಡಿ. ರಕ್ತದೊತ್ತಡ, ಬೆನ್ನು, ಮಂಡಿ, ಕುತ್ತಿಗೆ, ಹಿಂದೆ ಆದ ಶಸ್ತ್ರಚಿಕಿತ್ಸೆ ಇವುಗಳ ಬಗ್ಗೆ ಶಿಕ್ಷಕರು ತಾವಾಗಿಯೇ ವಿಚಾರಿಸಬೇಕು; ವಿಚಾರಿಸದಿದ್ದರೆ ನೀವೇ ಹೇಳಿ, ಹೇಳಿದ್ದನ್ನು ಕೇಳಿಸಿಕೊಂಡು ಆಸನಗಳಲ್ಲಿ ಏನಾದರೂ ಬದಲಿಸಿದರೇ ಎಂದು ಗಮನಿಸಿ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇದ್ದವರು ತಲೆ ಕೆಳಗಾಗುವ ಆಸನಗಳನ್ನು ವೈದ್ಯರನ್ನು ಕೇಳದೆ ಮಾಡಲೇಬಾರದು. ಮೊದಲ ವಾರದಲ್ಲೇ ಎಲ್ಲರನ್ನೂ ಶೀರ್ಷಾಸನಕ್ಕೆ ಎಬ್ಬಿಸುವ ಕೇಂದ್ರವಾದರೆ, ಎಷ್ಟೇ ಹೆಸರು ಮಾಡಿದ್ದರೂ, ಬೇರೆ ಕಡೆ ಹುಡುಕಿ. ಮೈ ಮುಟ್ಟಿ ತಿದ್ದುವ ಮುನ್ನ ಅನುಮತಿ ಕೇಳುತ್ತಾರೆಯೇ ಎಂಬುದನ್ನೂ ನೋಡಿ. ಬೇಡ ಎನ್ನಲು ನಿಮಗೆ ಸಂಕೋಚ ಬೇಕಿಲ್ಲ.

ಊಟವಾಗಿ ಮೂರು ನಾಲ್ಕು ಗಂಟೆಯಾದರೂ ಕಳೆದಿರಲಿ, ಆದ್ದರಿಂದ ಬೆಳಗಿನ ತರಗತಿ ಅನುಕೂಲ. ಕೊನೆಯ ಶವಾಸನವನ್ನು ಬಿಟ್ಟು ಕಚೇರಿಗೆ ಓಡಬೇಡಿ. ಸಮಯ ಸಾಲದಿದ್ದರೆ ಎರಡು ಆಸನ ಕಡಿಮೆ ಮಾಡಿ. ಒಳ್ಳೆಯ ಚಾಪೆಯನ್ನು ಮೊದಲ ದಿನವೇ ಕೊಳ್ಳುವ ಅಗತ್ಯವಿಲ್ಲ, ಹೆಚ್ಚಿನ ಕೇಂದ್ರಗಳಲ್ಲಿ ಇರುತ್ತದೆ, ಮೇಲೆ ಹಾಸಲು ಒಂದು ಟವೆಲ್ ಒಯ್ದರಾಯಿತು. ವರ್ಷದ ಶುಲ್ಕ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದು ಒತ್ತಾಯಿಸಿದರೂ ಮೊದಲು ಒಂದು ತಿಂಗಳಿನದಷ್ಟೇ ಕಟ್ಟಿ, ಫಲಕದಲ್ಲಿ ಹೆಸರಿರುವ ಶಿಕ್ಷಕರೇ ದಿನವೂ ಬರುತ್ತಾರೋ ಅಥವಾ ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಕಳುಹಿಸುತ್ತಾರೋ ಎಂಬುದು ಅಷ್ಟರೊಳಗೆ ತಿಳಿದುಬಿಡುತ್ತದೆ.