ಒಂಬತ್ತನೇ ಕ್ಲಾಸಿನ ಫಾರಂ ತುಂಬುವ ಮೊದಲು

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೂನ್‌ನಲ್ಲಿ ಮೈಸೂರಿನಿಂದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬರುತ್ತಿದ್ದೀರಿ. ಮಗ ಸಿಬಿಎಸ್‌ಇ ಎಂಟನೇ ಕ್ಲಾಸ್ ಮುಗಿಸಿದ್ದಾನೆ. ಇಲ್ಲಿ ಒಂಬತ್ತಕ್ಕೆ, ಅಂದರೆ ಹೈಸ್ಕೂಲಿನ ಮೊದಲ ವರ್ಷಕ್ಕೆ ಸೇರುತ್ತಾನೆ. ಸೈನ್ಸಾ ಕಾಮರ್ಸಾ ಅಂತ ಈಗಲೇ ಹೇಳಬೇಕಾ, ಗಣಿತದಲ್ಲಿ ಎಲ್ಲಿ ಕೂರಿಸುತ್ತಾರೆ, ಎಪಿ ಎಷ್ಟು ತೆಗೆದುಕೊಳ್ಳಬೇಕು ಅಂತೆಲ್ಲ ಕೇಳಿದ್ದೀರಿ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: "ಅವನಿಗೆ ಅಭ್ಯಾಸ ಆಗಲಿ ಅಂತ ಮನೆಯಲ್ಲಿ ಈಗಿನಿಂದಲೇ ಬರೀ ಇಂಗ್ಲಿಷ್ ಮಾತಾಡುತ್ತಿದ್ದೇವೆ." ಅದನ್ನು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಬೇಗ ಮುಗಿಯುವ ಉತ್ತರಗಳು. ಸೈನ್ಸಾ ಕಾಮರ್ಸಾ ಅನ್ನುವ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಪಿಸಿಎಂಬಿ ಅಂತ ಒಂದು ಸಲ ಬರೆದುಕೊಟ್ಟರೆ ಮುಗಿಯಿತು ಅನ್ನುವ ವ್ಯವಸ್ಥೆ ಇಲ್ಲ. ನಾಲ್ಕು ವರ್ಷವೂ ಎಲ್ಲರೂ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದುತ್ತಾರೆ. ಪ್ರತಿ ವರ್ಷ ಆರು ಪೀರಿಯಡ್‌ಗೆ ಆರು ವಿಷಯ ಆರಿಸಬೇಕು. ಇನ್ನೊಂದು ಮಾತು. ನಮ್ಮಲ್ಲಿ ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್ ಮೂರೂ ಜೊತೆಗೇ ಸಾಗುತ್ತವೆ. ಇಲ್ಲಿ ಸಾಮಾನ್ಯವಾಗಿ ವರ್ಷಕ್ಕೊಂದು. ಒಂಬತ್ತರಲ್ಲಿ ಬರೀ ಬಯಾಲಜಿ ಇದೆ, ಫಿಸಿಕ್ಸ್ ಬಿಟ್ಟುಹೋಯಿತು ಅಂತ ಗಾಬರಿ ಬೇಡ.

ಕ್ಯಾಲಿಫೋರ್ನಿಯಾದಲ್ಲಿ ಕಣ್ಣಿಡಬೇಕಾದದ್ದು 'ಎ ಟು ಜಿ' ಪಟ್ಟಿ, ಅಂದರೆ ಕಾಲೇಜು ಸೇರಲು ಹೈಸ್ಕೂಲಿನಲ್ಲಿ ಓದಿರಬೇಕಾದ ವಿಷಯಗಳು. ಬರ್ಕ್ಲಿ, ಡೇವಿಸ್, ಲಾಸ್ ಏಂಜಲೀಸ್ ಎಲ್ಲ ಸೇರಿದ ಯುಸಿಗೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಕ್ಯಾಲ್ ಸ್ಟೇಟ್ ಅನ್ನುವ ರಾಜ್ಯದ ಇನ್ನೊಂದು ಗುಂಪಿನ ಕಾಲೇಜುಗಳಿಗೂ ಇದೇ ಪಟ್ಟಿ. ಇತಿಹಾಸ 2 ವರ್ಷ, ಇಂಗ್ಲಿಷ್ 4, ಗಣಿತ 3, ಲ್ಯಾಬ್ ಇರುವ ವಿಜ್ಞಾನ 2, ಇಂಗ್ಲಿಷ್ ಅಲ್ಲದ ಭಾಷೆ 2, ಸಂಗೀತ ಚಿತ್ರಕಲೆ ನಾಟಕದಂಥ ಕಲೆ 1, ಇಷ್ಟದ ವಿಷಯ 1. ಒಟ್ಟು 15. ಇದು ಕನಿಷ್ಠ. ಗಣಿತ ನಾಲ್ಕು ವರ್ಷ, ವಿಜ್ಞಾನ ಮೂರು ವರ್ಷ ಓದಿದರೆ ಒಳ್ಳೆಯದು. ಡಿ ಗ್ರೇಡ್ ಬಂದರೂ ಶಾಲೆ ಪಾಸು ಮಾಡುತ್ತದೆ. ಆದರೆ ಈ ಪಟ್ಟಿಗೆ ಸಿ ಅಥವಾ ಅದಕ್ಕಿಂತ ಮೇಲೆ ಬೇಕೇ ಬೇಕು. ಯುಸಿಯವರು ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಲೆಕ್ಕಕ್ಕೆ ಹಿಡಿಯುವುದು 10 ಮತ್ತು 11ನೇ ಕ್ಲಾಸಿನ ಗ್ರೇಡುಗಳನ್ನು. ಹಾಗಂತ ಒಂಬತ್ತನ್ನು ಸಡಿಲ ಬಿಡಬೇಡಿ, ಬೇರೆ ಕಾಲೇಜುಗಳು ಅದನ್ನೂ ನೋಡುತ್ತವೆ. ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕವನ್ನು ಯುಸಿ ಈಗ ನೋಡುವುದೇ ಇಲ್ಲ, ಹಾಗಾಗಿ ಬಂದ ಕೂಡಲೇ ಅದರ ಕೋಚಿಂಗ್ ಹುಡುಕಬೇಡಿ.

ಗಣಿತ. ನಿಮ್ಮ ಮಗನನ್ನು ಆಲ್ಜಿಬ್ರಾ ಒಂದಕ್ಕೆ ಹಾಕಬಹುದು. ಅವನ ಓರಗೆಯ ಎಷ್ಟೋ ಮಕ್ಕಳು ಅದನ್ನು ಎಂಟರಲ್ಲೇ ಮುಗಿಸಿ ಜಾಮೆಟ್ರಿಗೆ ಬಂದಿರುತ್ತಾರೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ನನಗೂ ಆಗಿತ್ತು. ಆದರೆ ಆಲ್ಜಿಬ್ರಾ ಒಂದು, ಜಾಮೆಟ್ರಿ, ಆಲ್ಜಿಬ್ರಾ ಎರಡು, ಪ್ರಿಕ್ಯಾಲ್ಕುಲಸ್ ಅಂತ ನಾಲ್ಕು ವರ್ಷ ಹೋದರೂ ಎ ಟು ಜಿ ತುಂಬುತ್ತದೆ. ಕ್ಯಾಲ್ಕುಲಸ್ ಬೇಕೇ ಬೇಕು ಅಂದರೆ ಒಂದು ಬೇಸಿಗೆಯಲ್ಲಿ ಜಾಮೆಟ್ರಿ ಮುಗಿಸಬಹುದಾ ಅಂತ ಶಾಲೆಯನ್ನು ಕೇಳಿ. ಕೆಲವು ಶಾಲೆಗಳು ಪರೀಕ್ಷೆ ಕೊಟ್ಟು ನೇರ ಮುಂದಿನ ಕ್ಲಾಸಿಗೂ ಹಾಕುತ್ತವೆ. ಮಗ್ಗಿ ಬಾಯಿಗೆ ಬರುವ ನಮ್ಮ ಮಕ್ಕಳಿಗೆ ಅಲ್ಲಿ ಒಂದು ಬಲ ಇರುತ್ತದೆ, ಅದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಇಲ್ಲಿ ಕ್ಯಾಲ್ಕುಲೇಟರ್ ಬಳಸುತ್ತಾರೆ ಅಂತ ಕೈಲೆಕ್ಕ ಬಿಡಿಸಬೇಡಿ.

ಎಪಿ ಅಂದರೆ ಕಾಲೇಜು ಮಟ್ಟದ ಪಾಠ. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಮೊದಲ ವರ್ಷಕ್ಕೆ ಬೇಡ. ಅದರ ಬಗ್ಗೆ ಮುಂದಿನ ವರ್ಷ ಮಾತಾಡೋಣ.

ಈಗ ನಿಮ್ಮ ಆ ಕೊನೆಯ ಸಾಲಿಗೆ ಬರುತ್ತೇನೆ.

ನಾವು ಹಾಸನದಿಂದ ಬಂದದ್ದು 2009ರ ಜುಲೈನಲ್ಲಿ. ಮಗಳಿಗೆ ಹದಿನಾಲ್ಕು, ಮಗನಿಗೆ ನಾಲ್ಕು. ಮಗಳು ಇಂಗ್ಲಿಷ್ ಮೀಡಿಯಂನಲ್ಲೇ ಓದಿದವಳು, ಕ್ಲಾಸಿಗೆ ಮೊದಲಿಗಳು. ಐದು ವರ್ಷ ಪಿಟೀಲು ಕಲಿತಿದ್ದಳು. ವಿಮಾನದಲ್ಲಿ ಆ ಪೆಟ್ಟಿಗೆಯನ್ನು ಮೇಲೆ ಇಡಲೂ ಬಿಡದೆ ಕಾಲ ಹತ್ತಿರವೇ ಇಟ್ಟುಕೊಂಡು ಬಂದಳು.

ಶಾಲೆಗೆ ಸೇರಿಸುವಾಗ ಒಂದು ಪುಟದ ಫಾರಂ ಕೊಟ್ಟರು. ನಿಮಗೂ ಕೊಡುತ್ತಾರೆ. ಹೋಮ್ ಲ್ಯಾಂಗ್ವೇಜ್ ಸರ್ವೆ ಅಂತ ಅದರ ಹೆಸರು. ನಾಲ್ಕೇ ಪ್ರಶ್ನೆ. ಮಗು ಮೊದಲು ಕಲಿತ ಭಾಷೆ ಯಾವುದು? ಮನೆಯಲ್ಲಿ ಮಗು ಹೆಚ್ಚಾಗಿ ಆಡುವ ಭಾಷೆ ಯಾವುದು? ನೀವು ಮಗುವಿನ ಜೊತೆ ಆಡುವ ಭಾಷೆ? ಮನೆಯ ಹಿರಿಯರು ತಮ್ಮತಮ್ಮಲ್ಲಿ ಆಡುವ ಭಾಷೆ? ನಾಲ್ಕಕ್ಕೂ ಕನ್ನಡ ಅಂತ ಬರೆದೆ. ಬರೆಯುವಾಗ ಖುಷಿಯಾಗಿತ್ತು. ನಮ್ಮ ಭಾಷೆಯನ್ನೂ ಕೇಳುತ್ತಾರಲ್ಲ ಅಂದುಕೊಂಡೆ.

ಅದು ಯಾತಕ್ಕೆ ಕೇಳುವ ಪ್ರಶ್ನೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಇಂಗ್ಲಿಷ್ ಅಲ್ಲದ ಭಾಷೆ ಬರೆದರೆ ಮಗುವಿಗೆ ಇಂಗ್ಲಿಷ್ ಪರೀಕ್ಷೆ ಇರುತ್ತದೆ. 2018ರಿಂದ ಆ ಪರೀಕ್ಷೆಗೆ ಎಲ್‌ಪ್ಯಾಕ್ ಅನ್ನುತ್ತಾರೆ, ನಮ್ಮ ಕಾಲದಲ್ಲಿ ಬೇರೆ ಹೆಸರಿತ್ತು. ಶಾಲೆಗೆ ಸೇರಿ 30 ದಿನದೊಳಗೆ ಮಾಡುತ್ತಾರೆ. ಓದು, ಬರಹ, ಕೇಳುವುದು, ಮಾತು ನಾಲ್ಕೂ ಇರುತ್ತದೆ. ಮಗಳು ಓದು ಬರಹದಲ್ಲಿ ಚೆನ್ನಾಗಿ ಮಾಡಿದ್ದಳು. ಮಾತಿನ ಪರೀಕ್ಷೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬರು ಎದುರು ಕೂತು ಒಂದು ಚಿತ್ರ ತೋರಿಸಿ ಏನು ನಡೆಯುತ್ತಿದೆ ಹೇಳು ಅಂದರಂತೆ. ಇವಳು ಒಂದೊಂದೇ ಪದದಲ್ಲಿ ಉತ್ತರ ಕೊಟ್ಟು ತಲೆ ತಗ್ಗಿಸಿ ಕೂತಿದ್ದಳು. ದೊಡ್ಡವರ ಎದುರು ಕೇಳಿದಷ್ಟಕ್ಕೆ ಉತ್ತರ ಕೊಡು, ಜಾಸ್ತಿ ಮಾತಾಡಬೇಡ ಅಂತ ಬೆಳೆಸಿದವರು ನಾವೇ ಅಲ್ವಾ? ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅವಳಿಗೆ ಇಂಗ್ಲಿಷ್ ಸಾಲದು ಅಂತ ಫಲಿತಾಂಶ ಬಂತು. ಮಾಮೂಲಿ ಇಂಗ್ಲಿಷ್ ಕ್ಲಾಸಿನ ಜೊತೆಗೆ ಇಎಲ್‌ಡಿ ಅನ್ನುವ ಇನ್ನೊಂದು ಇಂಗ್ಲಿಷ್ ಪೀರಿಯಡ್ ಸೇರಿಸಿದರು. ಇರುವುದು ಆರೇ ಪೀರಿಯಡ್. ಎರಡು ಇಂಗ್ಲಿಷ್, ಗಣಿತ, ಬಯಾಲಜಿ, ಪಿಇ ಅಂದರೆ ವ್ಯಾಯಾಮ, ಸ್ಪ್ಯಾನಿಷ್. ಅವಳು ಆರ್ಕೆಸ್ಟ್ರಾ ಅಂತ ಬರೆದುಕೊಟ್ಟಿದ್ದ ಜಾಗ ಹೋಯಿತು. ಆ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುವ ಮಕ್ಕಳನ್ನು ಶಾಲೆ ನೋಡಲು ಹೋದ ದಿನ ಕಿಟಕಿಯಿಂದ ನೋಡಿ ಬಂದಿದ್ದಳು.

ಆಗ ನಾನು ಮಾಡಬೇಕಿದ್ದದ್ದು ಮಕ್ಕಳ ವಿಷಯಗಳನ್ನು ಹೊಂದಿಸಿಕೊಡುವ ಶಾಲೆಯ ಕೌನ್ಸೆಲರ್ ಹತ್ತಿರ ಹೋಗಿ ಕೂರುವುದು. ಈ ಹುಡುಗಿ ಹೀಗೆ ಓದುತ್ತಾಳೆ, ಮಾರ್ಕ್ಸ್ ಕಾರ್ಡ್ ನೋಡಿ, ಇನ್ನೊಂದು ಸಲ ಮಾತಾಡಿಸಿ ಅಂತ ಕೇಳುವುದು. ನಾನು ಹೋಗಲಿಲ್ಲ. ಶಾಲೆಯಿಂದ ಕರೆ ಬಂದರೆ ಮಾತ್ರ ಹೋಗಬೇಕು, ಕರೆ ಬಂತು ಅಂದರೆ ಮಗು ಏನೋ ತಪ್ಪು ಮಾಡಿದೆ ಅನ್ನುವುದೇ ನನಗೆ ಗೊತ್ತಿದ್ದದ್ದು. ಮೇಷ್ಟ್ರು ಮಾಡಿದ ಮೇಲೆ ಸರಿಯಾಗೇ ಇರುತ್ತದೆ ಅಂದುಕೊಂಡೆ. ಅದರ ಬದಲು ಮನೆಯಲ್ಲಿ ಒಂದು ಬಿಳಿ ಹಾಳೆ ತೆಗೆದು 'ಇಂಗ್ಲಿಷ್ ಓನ್ಲಿ' ಅಂತ ದಪ್ಪಕ್ಕೆ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ನನ್ನದೇ ಕೈಬರಹ. ನಮ್ಮ ಯಜಮಾನರು ಬೇಡ ಅಂದರು. ಮಗಳ ಮುಂದಿನ ದಾರಿ ಮುಖ್ಯ ಅಂತ ನಾನೇ ಹಟ ಮಾಡಿದೆ. ಊಟ ಬಡಿಸುವಾಗಲೂ ಇಂಗ್ಲಿಷ್, ಬೈಯುವಾಗಲೂ ಇಂಗ್ಲಿಷ್.

ಹತ್ತನೇ ಕ್ಲಾಸಿನ ಕೊನೆಗೆ ಅವಳು ಇಂಗ್ಲಿಷ್ ಸಾಲದ ಮಕ್ಕಳ ಪಟ್ಟಿಯಿಂದ ಹೊರಬಂದಳು. ನಾನು ಪಾಯಸ ಮಾಡಿದೆ. ಅಷ್ಟರಲ್ಲಿ ಎರಡು ವರ್ಷ ಪಿಟೀಲು ಪೆಟ್ಟಿಗೆ ತೆಗೆದಿರಲಿಲ್ಲ. ಹನ್ನೊಂದರಲ್ಲಿ ಆರ್ಕೆಸ್ಟ್ರಾ ಸೇರು ಅಂದರೆ, ಅಲ್ಲಿರುವವರೆಲ್ಲ ತುಂಬ ಮುಂದೆ ಹೋಗಿದ್ದಾರೆ ಅಮ್ಮಾ ಅಂದಳು. ಇಂಗ್ಲಿಷಿನಲ್ಲೇ ಅಂದಳು. ಕಲೆಯ ಒಂದು ವರ್ಷ ತುಂಬಿಸಲು ಹನ್ನೆರಡರಲ್ಲಿ ಜಾಗ ಖಾಲಿ ಇದ್ದ ಫೋಟೊಗ್ರಫಿ ಕ್ಲಾಸಿಗೆ ಸೇರಿದಳು.

ಹಾಳೆ ತೆಗೆದ ಮೇಲೂ ಮನೆಗೆ ಕನ್ನಡ ವಾಪಸ್ ಬರಲಿಲ್ಲ. ಅವಳಿಗಾದರೂ ಹದಿನಾಲ್ಕು ವರ್ಷದ ಕನ್ನಡ ಇತ್ತು, ತಡವರಿಸಿಕೊಂಡು ಆಡುತ್ತಾಳೆ. ಮಗನಿಗೆ ಆಗ ನಾಲ್ಕು ವರ್ಷ. ಅವನು ಕನ್ನಡ ಕೇಳಿ ಅರ್ಥ ಮಾಡಿಕೊಳ್ಳುತ್ತಾನೆ, ಉತ್ತರ ಇಂಗ್ಲಿಷಿನಲ್ಲಿ. ಹಾಸನದಿಂದ ನಮ್ಮಮ್ಮ ಪ್ರತಿ ಭಾನುವಾರ ಫೋನಿನಲ್ಲಿ "ಏನಂತೆ ಮಗ ಹೇಳೋದು?" ಅಂತ ನನ್ನನ್ನು ಕೇಳುತ್ತಿದ್ದರು. ನಾನು ಮಧ್ಯೆ ನಿಂತು ಮೊಮ್ಮಗನ ಮಾತನ್ನು ಅಜ್ಜಿಗೆ ಹೇಳುತ್ತಿದ್ದೆ. 2019ರಲ್ಲಿ ಅಮ್ಮ ಹೋದರು. ಅವರಿಬ್ಬರೂ ಒಂದು ಸಲವೂ ನಾನಿಲ್ಲದೆ ಮಾತಾಡಲಿಲ್ಲ.

ಮಗಳು 2013ರಲ್ಲಿ ಹೈಸ್ಕೂಲ್ ಮುಗಿಸಿದಳು. ಎರಡು ಭಾಷೆ ಚೆನ್ನಾಗಿ ಬಲ್ಲ ಮಕ್ಕಳ ಡಿಪ್ಲೊಮಾ ಮೇಲೆ ಹೊನ್ನಿನ ಬಣ್ಣದ ಮುದ್ರೆ ಹಾಕುವ ಪದ್ಧತಿಯನ್ನು ಕ್ಯಾಲಿಫೋರ್ನಿಯಾ 2012ರಲ್ಲಿ ಶುರು ಮಾಡಿತ್ತು. ಸೀಲ್ ಆಫ್ ಬೈಲಿಟರಸಿ ಅಂತ. ದೇಶದಲ್ಲೇ ಮೊದಲು. ಅವಳ ಗೆಳತಿಯ ಡಿಪ್ಲೊಮಾ ಮೇಲೆ ಅದನ್ನು ನೋಡಿದೆ, ಮನೆಯಲ್ಲಿ ಚೀನೀ ಭಾಷೆ ಬಿಡದೆ ಆಡಿದ ಹುಡುಗಿ. ನಾನು ಮನೆಯಿಂದ ಓಡಿಸಿದ್ದನ್ನು ಈ ರಾಜ್ಯ ಕರೆದು ಗೌರವಿಸುತ್ತಿತ್ತು.

ಹಾಗಾಗಿ ತಂಗಿ, ಫಾರಂನಲ್ಲಿ ನಿಜವನ್ನೇ ಬರೆಯಿರಿ. ಇಂಗ್ಲಿಷ್ ಅಂತ ಬರೆದುಬಿಡಿ ಅಂತ ನಿಮಗೆ ಹತ್ತು ಜನ ಹೇಳುತ್ತಾರೆ, ಕೇಳಬೇಡಿ. ಮಗನಿಗೆ ಪರೀಕ್ಷೆ ಇದೆ ಅಂತ ಮೊದಲೇ ತಿಳಿಸಿ. ಎದುರು ಕೂತವರು ಒಂದು ಪ್ರಶ್ನೆ ಕೇಳಿದರೆ ನಾಲ್ಕು ವಾಕ್ಯ ಹೇಳಬೇಕು, ಕಣ್ಣಿಗೆ ಕಣ್ಣು ಕೊಟ್ಟು ಹೇಳಬೇಕು, ಅದು ಇಲ್ಲಿ ಉದ್ಧಟತನ ಅಲ್ಲ ಅಂತ ಹೇಳಿಕೊಡಿ. ದಿನಾ ಹತ್ತು ನಿಮಿಷ ಒಂದು ಚಿತ್ರ ತೋರಿಸಿ ಇಂಗ್ಲಿಷಿನಲ್ಲಿ ಮಾತಾಡಿಸಿದರೆ ಸಾಕು. ಉಳಿದ ಹೊತ್ತು ಕನ್ನಡದಲ್ಲೇ ಇರಿ. ಫಲಿತಾಂಶ ಅವನ ಮಟ್ಟಕ್ಕೆ ಸರಿಯಿಲ್ಲ ಅನ್ನಿಸಿದರೆ ಮತ್ತೆ ಪರಿಶೀಲಿಸಿ ಅಂತ ಬರೆದುಕೊಡಬಹುದು. ಫೆಬ್ರವರಿಯಲ್ಲಿ ಶುರುವಾಗುವ ವಾರ್ಷಿಕ ಎಲ್‌ಪ್ಯಾಕ್ ಬರೆಯುವ ಮೊದಲೇ ಅದನ್ನು ಮಾಡಬೇಕು.

ಭಾಷೆಯ ಎರಡು ವರ್ಷದ ನಿಯಮಕ್ಕೆ ಸ್ಪ್ಯಾನಿಷ್ ಕ್ಲಾಸಿನಲ್ಲೇ ಕೂರಬೇಕು ಅಂತಿಲ್ಲ. ಬೇರೆ ಭಾಷೆ ಓದಲು ಬರೆಯಲು ಬರುತ್ತದೆ ಅಂತ ಶಾಲೆ ದೃಢಪಡಿಸಿದರೂ ಯುಸಿ ಒಪ್ಪುತ್ತದೆ. ಕನ್ನಡಕ್ಕೆ ಹಾಗೆ ಮಾಡಿಕೊಡುತ್ತೀರಾ ಅಂತ ನಿಮ್ಮ ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಕೇಳಿ. ಮಗ ಕನ್ನಡ ಓದಿದ ಮಾರ್ಕ್ಸ್ ಕಾರ್ಡುಗಳನ್ನು ಮರೆಯದೆ ತನ್ನಿ, ಎಂಟನೆಯದು ಮಾತ್ರ ಅಲ್ಲ, ಆರು ಏಳರದ್ದೂ. ಇಲ್ಲಿ ಕನ್ನಡ ಕೂಟದವರು ನಡೆಸುವ ವಾರಾಂತ್ಯದ ಕನ್ನಡ ತರಗತಿಗಳೂ ಇವೆ.

ಲಸಿಕೆ ಪಟ್ಟಿ ತನ್ನಿ, ಚಿಕನ್ ಪಾಕ್ಸ್‌ದು ಎರಡು ಡೋಸ್ ಇರಬೇಕು. ಶಾಲೆ ನಿರ್ಧಾರವಾಗುವುದು ಮನೆ ವಿಳಾಸದ ಮೇಲೆ, ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ನೋಡಿಕೊಳ್ಳಿ. ಇಲ್ಲಿನ ಮಕ್ಕಳು ಒಂಬತ್ತರ ವಿಷಯಗಳನ್ನು ಚಳಿಗಾಲದಲ್ಲೇ ಆರಿಸಿರುತ್ತಾರೆ, ಬೇಸಿಗೆಯಲ್ಲಿ ಬಂದವರಿಗೆ ಉಳಿದದ್ದು ಸಿಗುತ್ತದೆ. ಜುಲೈನಲ್ಲಿ ಕೌನ್ಸೆಲರ್‌ಗಳು ರಜೆಯಲ್ಲಿರುತ್ತಾರೆ. ಅದಕ್ಕೇ ಮನೆ ಗೊತ್ತಾದ ಕೂಡಲೇ ಮೈಸೂರಿನಿಂದಲೇ ಒಂದು ಇಮೇಲ್ ಕಳಿಸಿ. ಆಗಸ್ಟ್ ಮೊದಲ ವಾರ ಭೇಟಿ ಕೇಳಿ. ಒಬ್ಬರೇ ಹೋಗಲು ಅಳುಕು ಅನ್ನಿಸಿದರೆ ನಾನು ಜೊತೆಗೆ ಬರುತ್ತೇನೆ, ಸಂಕೋಚ ಬೇಡ.

ಮಗ ಯಾವುದಾದರೂ ವಾದ್ಯ ನುಡಿಸುತ್ತಾನಾ, ಚಿತ್ರ ಬರೆಯುತ್ತಾನಾ? ನೀವು ಅದನ್ನು ಬರೆದೇ ಇಲ್ಲ. ಅವನನ್ನೇ ಕೇಳಿ, ಮುಂದಿನ ಪತ್ರದಲ್ಲಿ ತಿಳಿಸಿ. ಕೌನ್ಸೆಲರ್‌ಗೆ ಕಳಿಸುವ ಇಮೇಲ್‌ನಲ್ಲಿ ಮೊದಲ ಸಾಲು ಅದೇ ಇರಲಿ.